ಒಳಗಿಂದ ನೋಡಿದ ಬೇಲಿ

ಅವರ ಬಲಗೈಯ ನಡುಬೆರಳಿನ ಗೆಣ್ಣು ಉಳಿದವುಗಳಿಗಿಂತ ದಪ್ಪಗಿತ್ತು, ಕಪ್ಪಗಿತ್ತು, ಮೇಲಿನ ಚರ್ಮ ಜಡ್ಡುಗಟ್ಟಿತ್ತು. ಕಂಡದ್ದನ್ನೆಲ್ಲ ಆ ಗೆಣ್ಣಿನಿಂದ ತಟ್ಟಿ, ತಲೆ ವಾಲಿಸಿ, ಕಿವಿಗೊಟ್ಟು ಕೇಳುವುದು ಅವರ ಅಭ್ಯಾಸ. ಕಲ್ಲಂಗಡಿ ಹಣ್ಣನ್ನು ಎಲ್ಲರೂ ತಟ್ಟುತ್ತಾರೆ, ಬಿಡಿ. ಇವರು ಬಾಗಿಲು ತಟ್ಟುವ ಮೊದಲು ಬಾಗಿಲ ಪಕ್ಕದ ಗೋಡೆ ತಟ್ಟುತ್ತಿದ್ದರು. ನಾವು ಕಗ್ಗದಾಸಪುರದ ಮನೆಗೆ ಬಂದ ದಿನ ಪರಿಚಯ ಮಾಡಿಕೊಳ್ಳಲು ಬಂದವರು ನಮ್ಮ ಫ್ರಿಜ್ಜು ತಟ್ಟಿದರು, ಬೀರು ತಟ್ಟಿದರು, ನನ್ನ ಅತ್ತೆ ಹುಬ್ಬಳ್ಳಿಯಿಂದ ಕಟ್ಟಿಕೊಟ್ಟಿದ್ದ ಕಡಕ್ ರೊಟ್ಟಿಯ ಅಟ್ಟಿಯನ್ನೂ ಬಿಡಲಿಲ್ಲ. ರೊಟ್ಟಿ ಟಣ್ ಎಂದಿತು. "ಇದು ಪಾಸ್" ಎಂದು ಹೇಳಿ ಎರಡು ತೆಗೆದುಕೊಂಡು ಹೋದರು.

ಪಕ್ಕದ ಮನೆಯವರು. ಬೆಂಗಳೂರಿನಲ್ಲಿ ವಯಸ್ಸಾದ ನೆರೆಯವರನ್ನೆಲ್ಲ ಅಂಕಲ್, ಆಂಟಿ ಎನ್ನುವುದು ರೂಢಿ. ನನಗೆ ಆ ಮಾತು ಅಷ್ಟಾಗಿ ಸೇರುವುದಿಲ್ಲ, ಆದರೂ ಬಾಯಿಗೆ ಬಂದದ್ದು ಅದೇ. ಅಂಕಲ್ ವಿಮಾನಪುರದ ವಿಮಾನ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದು ರಿಟೈರ್ ಆದವರು. ಆಂಟಿ ಅದೇ ಕಾರ್ಖಾನೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ತಾನು ಒಂದೊಂದೇ ಬಿಡಿಭಾಗ ನೋಡುತ್ತಿದ್ದರೆ ಇವಳು ಇಡೀ ಫ್ಯಾಕ್ಟರಿಯನ್ನು ವೈರಿನಲ್ಲಿ ಕಟ್ಟಿ ಇಟ್ಟುಕೊಂಡಿದ್ದಳು ಎಂದು ಅಂಕಲ್ ಬಂದವರಿಗೆಲ್ಲ ಹೇಳುತ್ತಿದ್ದರು. ಮಗಳು, ಅಳಿಯ ಮಹಡಿಯ ಮೇಲಿದ್ದರು. ಬೆಳಿಗ್ಗೆ ಆಫೀಸಿಗೆ ಹೋದರೆ ಬರುವುದು ಸಂಜೆಗೆ. ಹಗಲೆಲ್ಲ ಆಂಟಿಯನ್ನು ನೋಡಿಕೊಳ್ಳುವುದು ಅಂಕಲ್ ಕೆಲಸ.

ನೋಡಿಕೊಳ್ಳಬೇಕಾಗಿತ್ತು, ಏಕೆಂದರೆ ಆಂಟಿಗೆ ಮರೆವು ಹಿಡಿದಿತ್ತು. ಒಲೆಯ ಮೇಲೆ ಹಾಲಿಟ್ಟು ಮರೆಯುವಂಥ ಮರೆವಲ್ಲ, ಅದು ನನಗೂ ಇದೆ. ತಾನು ರಿಟೈರ್ ಆಗಿದ್ದೇ ಮರೆತುಹೋಗುವಂಥ ಮರೆವು. ಬೆಳಿಗ್ಗೆ ಎದ್ದು ಸೀರೆಯ ನೆರಿಗೆಗೆ ಪಿನ್ನು ಚುಚ್ಚಿ, ಕೈಚೀಲ ಹಿಡಿದು, ಫ್ಯಾಕ್ಟರಿ ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಬಿಡುತ್ತಿದ್ದರು. ಮುಂಬಾಗಿಲಿಗೆ ಬೀಗ ಹಾಕಿದರೆ ಹಿತ್ತಿಲಿನಿಂದ.

ಹಿತ್ತಿಲ ಬೇಲಿಯೋ, ಅದನ್ನು ಬೇಲಿ ಎಂದು ಕರೆಯುವುದೇ ದೊಡ್ಡ ಮರ್ಯಾದೆ. ಯಾವ ಕಾಲದಲ್ಲೋ ನೆಟ್ಟ ಕಲ್ಲುಕಂಬ, ಅದಕ್ಕೆ ತುಕ್ಕು ಹಿಡಿದ ಮುಳ್ಳುತಂತಿ, ತಂತಿಯನ್ನು ನುಂಗಿ ಬೆಳೆದ ಲಂಟಾನ. ಬೇಲಿಯೇ ಎದ್ದು ಹೊಲ ಮೇಯಿತು ಎಂಬ ಗಾದೆಯನ್ನು ನಾನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ನಿಜಕ್ಕೂ ಮೇಯುವುದನ್ನು ಕಂಡದ್ದು ಇಲ್ಲಿಗೆ ಬಂದ ಮೇಲೆ. ನಮ್ಮ ಹಿತ್ತಿಲಿನ ಒಂದು ಮೂಲೆಯನ್ನು ಅದು ತಿಂದು ಮುಗಿಸಿತ್ತು. ಅದರಲ್ಲಿ ಎರಡು ಕಡೆ ಮನುಷ್ಯರು ನುಸುಳುವಷ್ಟು ಜಾಗವಿತ್ತು: ಒಂದು ಹಿಂದಿನ ಗಲ್ಲಿಗೆ, ಇನ್ನೊಂದು ನಮ್ಮ ಹಿತ್ತಿಲಿಗೆ.

ನಮ್ಮ ಕಡೆಯ ಜಾಗದಲ್ಲಿ ಆಂಟಿ ದಿನಾ ಬರುತ್ತಿದ್ದರು. ಕಾಫಿ ಲೋಟ ಹಿಡಿದು ಬಂದು ನಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು, ಕಾಫಿ ಕುಡಿದು, ಲೋಟ ಅಲ್ಲೇ ಬಿಟ್ಟು ಹೋಗುತ್ತಿದ್ದರು. ನನ್ನ ಹೆಸರು ಅವರಿಗೆ ಒಂದು ದಿನವೂ ನೆನಪಾಗಲಿಲ್ಲ. ಕಲ್ಲು ಮಾತ್ರ ಮರೆಯಲಿಲ್ಲ. ಮನೆಯಲ್ಲೇ ಕುಳಿತು ಆಫೀಸಿನ ಕೆಲಸ ಮಾಡುವ ನನಗೆ ಅವರು ಬಂದು ಕುಳಿತರೆ ಬೆಳಗಾಯಿತು ಎನ್ನಿಸುತ್ತಿತ್ತು.

ತೊಂದರೆಯಿದ್ದದ್ದು ಗಲ್ಲಿಯ ಕಡೆ. ಒಂದು ದಿನ ಆ ಕಡೆಯಿಂದ ಹೋದವರು ಮಧ್ಯಾಹ್ನದವರೆಗೂ ಸಿಗಲಿಲ್ಲ. ನಮ್ಮಲ್ಲಿ ರೈಲ್ವೆ ಗೇಟು ಹತ್ತಿರ. ಅಂಕಲ್ ಮೊದಲು ಓಡಿದ್ದು ಹಳಿಯ ಕಡೆಗೆ. ಕೊನೆಗೆ ಆಂಟಿ ವಿಮಾನಪುರದಲ್ಲಿ, ಹಿಂದೆ ಫ್ಯಾಕ್ಟರಿ ಬಸ್ಸು ನಿಲ್ಲುತ್ತಿದ್ದ ಕಡೆ, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಎರಡೂ ಮೊಣಕೈ ಮುಳ್ಳುತಂತಿಗೆ ತರಚಿ ರಕ್ತ ಒಣಗಿತ್ತು. ಸಂಜೆ ಅಂಕಲ್ ನಮ್ಮ ಮನೆಗೆ ಬಂದರು. ಆ ದಿನ ಏನನ್ನೂ ತಟ್ಟಲಿಲ್ಲ.

"ಹೊಸ ಬೇಲಿ ಹಾಕ್ಲೇಬೇಕಮ್ಮ. ಅವಳು ಆಚೆ ಹೋಗ್ಬಾರ್ದು. ಆದ್ರೆ ಜೈಲಲ್ಲಿ ಇಟ್ಟಿದಾರೆ ಅಂತ ಅವಳಿಗೆ ಅನ್ನಿಸ್ಲೂಬಾರ್ದು. ಎರಡೂ ಆಗ್ಬೇಕು" ಎಂದರು.

ನಡುವಿನ ಬೇಲಿ ನಮಗೂ ಸೇರಿದ್ದಾದ್ದರಿಂದ ಆರಿಸಲು ನಾನೂ ಹೊರಟೆ. ಒಂದು ಶನಿವಾರದ ಕೆಲಸ ಎಂದುಕೊಂಡಿದ್ದೆ, ನನ್ನ ಬುದ್ಧಿಗಿಷ್ಟು. ಮಗಳು ಮನೆಯಲ್ಲಿರುತ್ತಿದ್ದ ಪ್ರತಿ ಶನಿವಾರವೂ ಅಂಕಲ್ ನನ್ನನ್ನು ಬೇಲಿ ನೋಡಲು ಹೊರಡಿಸುತ್ತಿದ್ದರು. ಹೆಣ್ಣು ನೋಡಲು ಹೋದವರೂ ಅಷ್ಟು ಮನೆ ಸುತ್ತಿರಲಾರರು.

ಇಂದಿರಾನಗರದ ಒಂದು ಅಂಗಡಿಯಲ್ಲಿ ಮರದಂತೆ ಕಾಣುವ, ಮರವಲ್ಲದ ಹಲಗೆಗಳಿದ್ದವು. ಮರದ ಪುಡಿಗೆ ಪ್ಲಾಸ್ಟಿಕ್ ಸೇರಿಸಿ ಮಾಡಿದ್ದು, ಗೆದ್ದಲು ಹಿಡಿಯುವುದಿಲ್ಲ, ಮಳೆಗೆ ಊದುವುದಿಲ್ಲ ಎಂದು ಅಂಗಡಿಯವನು ಒಂದೇ ಉಸಿರಿಗೆ ಹೇಳಿದ. ಹೌದಾ ಎಂದು ಅಂಕಲ್ ಕೇಳಿದರೆ ಪಕ್ಕದಲ್ಲಿ ನಿಂತ ಇನ್ನೊಬ್ಬ ಹೌದು ಎಂದ. ಓತಿಕೇತನಿಗೆ ಬೇಲಿಗೂಟ ಸಾಕ್ಷಿ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಆಮೇಲೆ ಅಪ್‌ಗ್ರೇಡುಗಳ ಪುರಾಣ ಶುರುವಾಯಿತು. ಕಂಬದ ತುದಿಗೆ ಸೋಲಾರ್ ದೀಪ, ಗೇಟಿಗೆ ಕ್ಯಾಮೆರಾ, ಮೇಲೆ ಭರ್ಜಿಯಂಥ ಮೊನೆ, ಬಣ್ಣ ಏಳದಂತೆ ಪೌಡರ್ ಕೋಟಿಂಗ್, ಬೇಲಿಯ ಮೈಗೆ ಹೊದಿಸಲು ಪ್ಲಾಸ್ಟಿಕ್ ಎಲೆಯ ಚಾಪೆ. ನನಗೆ ಆಕಳಿಕೆ ಬಂತು. ಅಂಕಲ್ ಮಾತ್ರ ಮೇಷ್ಟ್ರ ಮುಂದೆ ನಿಂತ ಮಗುವಿನ ಹಾಗೆ ಒಂದೊಂದನ್ನೂ ಕೇಳಿ, ಮುಟ್ಟಿ, ತಟ್ಟಿ, ಮೂಸಿ ನೋಡಿದರು. ಮೋಡ ಇದ್ದರೆ ಸೋಲಾರ್ ಏನು ಮಾಡುತ್ತದೆ? ಪೌಡರ್ ಅಂದರೆ ಮುಖಕ್ಕೆ ಹಚ್ಚುವಂಥ ಪುಡಿಯಾ? ಎಲೆಯ ಚಾಪೆಯನ್ನು ಮಾತ್ರ ಕೂಡಲೇ ಬೇಡ ಎಂದರು. ಆಂಟಿ ಅದಕ್ಕೆ ನೀರು ಹಾಕುತ್ತಾ ನಿಂತುಬಿಡುತ್ತಾಳೆ ಎನ್ನುವುದು ಅವರ ಕಾರಣ.

ಕೊನೆಗೆ ಅಂಗಡಿಯವನು ಈ ಹಲಗೆ ಹಾಕಿದರೆ ಹೊರಗಿನವರಿಗೆ ಒಳಗಿನದು ಏನೂ ಕಾಣುವುದಿಲ್ಲ ಎಂದ. ಅಂಕಲ್ ಹಲಗೆಯ ಹಿಂದಕ್ಕೆ ಹೋಗಿ ಮಂಡಿ ಬಗ್ಗಿಸಿ ನಿಂತರು. ಆಂಟಿ ಅವರ ಭುಜದಷ್ಟೇ ಎತ್ತರ. ಆಂಟಿಯ ಕಣ್ಣಿನ ಮಟ್ಟಕ್ಕೆ ತಮ್ಮ ಕಣ್ಣನ್ನು ಇಳಿಸಿ ನೋಡುವುದು ಆಮೇಲಿನ ಎಲ್ಲ ಅಂಗಡಿಗಳಲ್ಲೂ ನಡೆಯಿತು.

"ಹೊರಗಿನೋರ ಕಥೆ ಬಿಡಪ್ಪ. ಬೇಲಿ ಅನ್ನೋದನ್ನ ಒಳಗಿಂದ ನೋಡ್ಬೇಕು" ಎಂದರು.

ಅಂಗಡಿಯವನು ಹಲಗೆಯ ಹಿಂದಕ್ಕೊಮ್ಮೆ ಇಣುಕಿದ. ಒಳಗಿನಿಂದಲೂ ಅದೇ ಹಲಗೆ ಸರ್ ಎಂದ.

ಅಂಗಡಿಗಳಿಗಿಂತ ಅವರಿಗೆ ಇಷ್ಟವಾಗಿದ್ದು ಜನರ ಮನೆ ಬೇಲಿ. ರಸ್ತೆಯಲ್ಲಿ ಒಳ್ಳೆಯ ಬೇಲಿ ಕಂಡರೆ ಸೀದಾ ಹೋಗಿ ಬೆಲ್ಲು ಒತ್ತುವುದು. ಇದನ್ನು ಹಾಕಿಸಿ ಎಷ್ಟು ವರ್ಷವಾಯಿತು, ಹಾಕಿಸಿದ್ದಕ್ಕೆ ಖುಷಿಯಾಗಿದ್ದೀರಾ, ಒಂದು ಸಲ ಒಳಗಿನಿಂದ ನೋಡಬಹುದಾ ಎಂದು ಕೇಳುವುದು. ನಾನು ಸೆರಗು ಹೊದ್ದು ನಾಚಿಕೆಯಿಂದ ಹಿಂದೆ ನಿಲ್ಲುತ್ತಿದ್ದೆ. ಕೆಲವರು ಕಾರ್ಪೊರೇಷನ್ನಿನವರು ಬಂದರೆಂದು ಗಾಬರಿಯಾಗುತ್ತಿದ್ದರು. ಹಲಸೂರಿನಲ್ಲಿ ಒಬ್ಬರು ನಾಯಿ ಬಿಟ್ಟರು. ಅಂಕಲ್ ನಾಯಿಯನ್ನೂ ಮಾತಾಡಿಸಿ ಬಂದರು. ಆದರೆ ಬಹಳ ಜನ ಒಳಗೆ ಕರೆದರು ಎನ್ನುವುದೇ ನನಗೆ ಇಂದಿಗೂ ಆಶ್ಚರ್ಯ. ನಮ್ಮ ಬೇಲಿ ಹೇಗಿದೆ ಎಂದು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದರೋ ಏನೋ.

ಬೆನ್ಸನ್ ಟೌನಿನ ಹಳೆಯ ಬಂಗಲೆಯೊಂದರಲ್ಲಿ ಬಿಳಿಕೂದಲಿನ ಹೆಂಗಸೊಬ್ಬರು ನಮ್ಮನ್ನು ಕೂರಿಸಿ ಟೀ ಕೊಟ್ಟರು. ಅವರ ಕಬ್ಬಿಣದ ಬೇಲಿಯ ನೆತ್ತಿಯ ಮೇಲೆಲ್ಲ ಭರ್ಜಿಗಳಿದ್ದವು. ಕಳ್ಳರ ಭಯಕ್ಕೆ ಗಂಡ ಹಾಕಿಸಿದ್ದಂತೆ. ಉಪಯೋಗವಾಯಿತಾ ಎಂದು ಅಂಕಲ್ ಆಸೆಯಿಂದ ಕೇಳಿದರು. "ಕಳ್ಳ ಒಬ್ಬನೂ ಬರ್ಲಿಲ್ಲ ಸಾರ್. ಮೊಮ್ಮಗನ ಬಾಲು ಮಾತ್ರ ದಿನಾ ಒಂದು ಸತ್ತೋಗ್ತಿತ್ತು" ಎಂದರು ಆಕೆ, ತಮಿಳಿನ ಎಳೆತದಲ್ಲಿ. ಅಂಕಲ್ ಆ ಮಾತನ್ನು ತಿಂಗಳುಗಟ್ಟಲೆ ಎಲ್ಲರಿಗೂ ಹೇಳಿಕೊಂಡು ನಕ್ಕರು. ಮೊನೆ ಬೇಡ ಎಂದು ಅಲ್ಲೇ ತೀರ್ಮಾನವಾಯಿತು.

ಹೀಗೆ ಒಂದೊಂದೇ ಬಿದ್ದುಹೋಯಿತು. ಮುಳ್ಳುತಂತಿಯ ಮಾತೇ ಇಲ್ಲ. ಜಾಲರಿ ಅಗ್ಗ, ಗಾಳಿ ಬೆಳಕಿಗೆ ಒಳ್ಳೆಯದು, ಆದರೆ ಒಳಗೆ ನಿಂತರೆ ಮೃಗಾಲಯ. ಕಬ್ಬಿಣದ ಸರಳನ್ನು ನೆಟ್ಟಗೆ ನಿಲ್ಲಿಸಿದರೆ ಲಾಕಪ್ಪು, ಅಡ್ಡ ಹಾಕಿದರೆ ಏಣಿ. ಆಂಟಿ ಹತ್ತಿದರೂ ಹತ್ತಿಯಾರು. ಸಿಮೆಂಟಿನ ರೆಡಿಮೇಡ್ ಗೋಡೆ ತಟ್ಟಿದರೆ ಸದ್ದೇ ಇಲ್ಲ, ಹೆಣ ಇದ್ದ ಹಾಗಿದೆ ಎಂದರು. ಕಡೆಗೆ ಉಳಿದದ್ದು ಇಂದಿರಾನಗರದ ಆ ಮರವಲ್ಲದ ಹಲಗೆಯೇ. ಅದನ್ನು ಒತ್ತೊತ್ತಾಗಿ ಹಾಕದೆ ನಡುನಡುವೆ ಬೆರಳಗಲ ಬಿಟ್ಟರೆ ಬೆಳಕು ಬರುತ್ತದೆ, ಗಾಳಿ ಬರುತ್ತದೆ, ಕಾಲಿಡಲು ಆಗುವುದಿಲ್ಲ. ಹಳೆಯ ಕಲ್ಲುಕಂಬಗಳನ್ನು ತಟ್ಟಿ ನೋಡಿ ಅವನ್ನು ಹಾಗೇ ಉಳಿಸಿಕೊಂಡರು. ಅಪ್‌ಗ್ರೇಡಿನಲ್ಲಿ ಆಂಟಿಗೆ ಕತ್ತಲೆಂದರೆ ಭಯವೆಂದು ಒಂದು ಸೋಲಾರ್ ದೀಪ, ಗಲ್ಲಿಯ ಕಡೆಯ ಹೊಸ ಗೇಟಿಗೆ ಆಂಟಿಯ ಕೈಗೆಟುಕದ ಎತ್ತರದಲ್ಲಿ ಒಂದು ಚಿಲಕ. ಚೌಕಟ್ಟು ಬೆಸೆಯುವ ಕೆಲಸ ಶಿವಾಜಿನಗರದ ವೆಲ್ಡಿಂಗ್ ಭಾಯಿಗೆ ಹೋಯಿತು.

ಎಡವಟ್ಟಾದದ್ದು ಇಲ್ಲಿ. ಚೌಕಟ್ಟಿನ ಕೆಲಸ ಶುರುವಾಗುವ ದಿನ ಅಂಕಲ್ ಆಂಟಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಅಲ್ಲಿಂದಲೇ ನನಗೆ ಫೋನು ಮಾಡಿದರು. ಭಾಯಿಗೆ ಒಂದು ವಿಷಯ ಹೇಳಲು ಮರೆತಿದ್ದರಂತೆ. "ನಿಮ್ಮ ಕಡೆ ಬೇಲೀಲಿ ಆಂಟಿ ಅಳತೆಗೆ ಒಂದು ಗಂಡಿ ಬಿಡೋಕೆ ಹೇಳ್ಬಿಡಮ್ಮ" ಎಂದು ಹೇಳಿ ಫೋನಿಟ್ಟರು.

ಗಂಡಿ! ನಾನು ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯ ಓಣಿಯಲ್ಲಿ. ಗೋಡೆಗೆ ಗೋಡೆ ಅಂಟಿದ ಮನೆಗಳು, ಬೇಲಿ ಎಲ್ಲಿಂದ ಬರಬೇಕು? ಬೇಲಿಯಲ್ಲಿ ಮನುಷ್ಯರು ದಾಟಲು ಬಿಡುವ ತೆರಪಿಗೆ ಈ ಕಡೆಯ ಹಳ್ಳಿಯವರು ಗಂಡಿ ಎನ್ನುತ್ತಾರೆಂದು ನನಗೆ ಯಾರು ಹೇಳಿದ್ದರು? ಆಸ್ಪತ್ರೆಯ ಗಲಾಟೆಯಲ್ಲಿ ಅಂಕಲ್ ಕಿಂಡಿ ಎಂದರು, ನನಗೆ ಸರಿಯಾಗಿ ಕೇಳಲಿಲ್ಲ ಎಂದುಕೊಂಡೆ. ಆಂಟಿಯ ಅಳತೆ ಎಂದರೆ ಆಂಟಿಯ ಕಣ್ಣಿನ ಮಟ್ಟ. ಪ್ರತಿ ಅಂಗಡಿಯಲ್ಲೂ ಮಂಡಿ ಬಗ್ಗಿಸಿ ನೋಡಿದ್ದನ್ನು ಕಂಡವಳಲ್ಲವೇ ನಾನು. ಸಂದೇಹವೇ ಬರಲಿಲ್ಲ. ಭಾಯಿಗೆ ಫೋನು ಮಾಡಿ ಕಿಂಡಿ ಬೇಕೆಂದೆ. ಛೋಟಾ ಖಿಡ್ಕಿಯಾ ಎಂದು ಕೇಳಿದ. ಹೌದೆಂದೆ. ಇಷ್ಟು ಬೇಲಿ ತಿರುಗಿದ ಸಾಹೇಬರಿಗೆ ತನ್ನದೂ ಒಂದು ಕಾಣಿಕೆ ಇರಲೆಂದು ಅವನು ಅದಕ್ಕೆ ಪುಟ್ಟ ಕದ, ಕದಕ್ಕೊಂದು ಹಿತ್ತಾಳೆಯ ಹಿಡಿಯನ್ನೂ ಸೇರಿಸಿದ.

ಬೇಲಿ ನಿಂತ ಮೇಲೆ ಅಂಕಲ್ ಬಂದು ನೋಡಿದರು. ಮನುಷ್ಯರು ದಾಟಬೇಕಾದ ಕಡೆ ಒಂದು ಮುಖ ಹಿಡಿಸುವಷ್ಟು ಕಿಟಕಿ. ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಇದೇನ್ ದೇವಸ್ಥಾನನೇನಮ್ಮ, ಕಿಂಡೀಲಿ ದರ್ಶನ ಮಾಡೋಕೆ" ಎಂದರು. ಎರಡು ಪದಕ್ಕೂ ಇರುವ ವ್ಯತ್ಯಾಸವನ್ನು ಕೈ ಅಗಲಿಸಿ ತೋರಿಸಿದರು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ನಾಳೆ ಭಾಯಿ ಬಂದು ಸರಿಮಾಡುತ್ತಾನೆ, ಒಂದು ರಾತ್ರಿಯ ಮಟ್ಟಿಗೆ ದರ್ಶನವೇ ಇರಲಿ ಎಂದು ಸಮಾಧಾನ ಮಾಡಿದರು.

ಮರುದಿನ ಬೆಳಿಗ್ಗೆ ಆಂಟಿ ಕಾಫಿ ಲೋಟ ಹಿಡಿದು ಎಂದಿನಂತೆ ಬಂದರು. ನಾನು ಈ ಕಡೆ ಬಟ್ಟೆ ಹಿಂಡುತ್ತಿದ್ದೆ. ಹಲಗೆಗಳ ಸಂದಿನಲ್ಲಿ ಅವರ ಹಳದಿ ಸೀರೆ ಅಲ್ಲಾಡುವುದು ಕಾಣುತ್ತಿತ್ತು. ಆ ತುದಿಯಿಂದ ಈ ತುದಿಗೆ ಬೇಲಿಯನ್ನು ಅಂಗೈಯಿಂದ ನೂಕುತ್ತಾ ಬಂದರು. ಮತ್ತೆ ಹಿಂದಕ್ಕೆ ಹೋದರು. ಲೋಟ ತುಳುಕಿ ಕಾಫಿ ಚೆಲ್ಲಿತು. ಕಿಂಡಿಯ ಹತ್ತಿರ ಬಂದಾಗ ನಾನು ಕದ ತೆಗೆದೆ. ಆಂಟಿ ನನ್ನ ಮುಖ ನೋಡಿದರು, ನನ್ನ ಹಿಂದಿದ್ದ ಒಗೆಯುವ ಕಲ್ಲನ್ನು ನೋಡಿದರು.

"ನಾನೇನಮ್ಮ ತಪ್ಪು ಮಾಡ್ದೆ?" ಎಂದರು.

ಅವರ ಬೆನ್ನ ಹಿಂದೆ ಅಂಕಲ್ ನಿಂತಿದ್ದರು. ನನಗೆ ಅಳು ತಡೆಯಲಾಗಲಿಲ್ಲ, ಅತ್ತೇಬಿಟ್ಟೆ. ಅಂಕಲ್ ಆಂಟಿಯ ಕೈಯಿಂದ ಲೋಟ ತೆಗೆದುಕೊಂಡರು.

"ಊರವ್ರ ಬೇಲಿ ಎಲ್ಲಾ ಒಳಗಿಂದ ನೋಡ್ದೆ. ಇದನ್ನ ಮಾತ್ರ ನೋಡ್ಲಿಲ್ಲ ನಾನು" ಎಂದರು.

ಭಾಯಿ ಬಂದಾಗ ಅಂಕಲ್ ಗಂಡಿಯ ಮಾತೇ ಎತ್ತದೆ ಅವನನ್ನು ಹಾಗೇ ಕಳಿಸಿದರು. ಸಂಜೆ ಅಂಕಲ್ ನಮ್ಮ ಮನೆಗೆ ಬಂದು ಒಂದು ಪ್ರಶ್ನೆ ಕೇಳಿದರು. ನಡುವಿನ ಬೇಲಿಯನ್ನೇ ತೆಗೆದುಬಿಟ್ಟು ಆ ಹಲಗೆಯನ್ನು ಗಲ್ಲಿಯ ಕಡೆ ನಮ್ಮ ಹಿತ್ತಿಲಿಗೂ ಸೇರಿಸಿ ಹಾಕಿದರೆ ಹೇಗೆ? ಎರಡು ಹಿತ್ತಿಲು, ಒಂದು ಬೇಲಿ. ಆಂಟಿಗೆ ಓಡಾಡಲು ಜಾಗವೂ ಎರಡರಷ್ಟು. ನನ್ನ ಗಂಡ ಲೆಕ್ಕದ ಮನುಷ್ಯ. ನಾಳೆ ಯಾರ ಗಡಿ ಎಲ್ಲಿ ಎಂದು ಹೇಗೆ ತಿಳಿಯುವುದು ಎಂದು ಮೆತ್ತಗೆ ಕೇಳಿದರು. ತಪ್ಪೇನಿಲ್ಲ, ಈ ಊರಿನಲ್ಲಿ ಗೇಣು ನೆಲಕ್ಕೂ ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಾರೆ. ಅಂಕಲ್ ಅದಕ್ಕೂ ಯೋಚಿಸಿಕೊಂಡೇ ಬಂದಿದ್ದರು. ಕಲ್ಲುಕಂಬಗಳು ನಿಂತಲ್ಲೇ ಇರಲಿ, ಗಡಿ ಹೇಳಲು ಅವು ಸಾಕು, ಹಲಗೆ ಮಾತ್ರ ಬೇಡ ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನನ್ನೂ ಒಳಗೆ ಹಾಕ್ಕೊಂಡು ಬೇಲಿ ಹಾಕ್ತಿದೀನಿ. ಜೈಲು ಅನ್ಸಿದ್ರೆ ಈಗ್ಲೇ ಹೇಳ್ಬಿಡು" ಎಂದರು.

ಅನ್ನಿಸಲಿಲ್ಲ. ಅಂದಿನಿಂದ ನಡುವೆ ಕಂಬಗಳಷ್ಟೇ. ಒಂದರಿಂದೊಂದಕ್ಕೆ ಹಗ್ಗ ಕಟ್ಟಿ ಎರಡೂ ಮನೆಯ ಬಟ್ಟೆ ಒಣಹಾಕುತ್ತೇವೆ.

ಕಿಂಡಿಯಿದ್ದ ಹಲಗೆಯನ್ನು ಅಂಕಲ್ ಬಿಸಾಡಲು ಬಿಡಲಿಲ್ಲ. ಗಲ್ಲಿಯ ಕಡೆ ಕೂಡಿಸಿದರು. ಆಂಟಿ ಅದನ್ನು ತಾವೇ ಕಂಡುಹಿಡಿದರು. ಹಿತ್ತಾಳೆಯ ಹಿಡಿ ಹಿಡಿದು ಕದ ತೆಗೆದು, ಗಲ್ಲಿಯಲ್ಲಿ ಹೋಗುವವರನ್ನು "ನಮಸ್ಕಾರ, ಯಾರು ಬೇಕಾಗಿತ್ತು?" ಎಂದು ಕೇಳಲು ಶುರುಮಾಡಿದರು. ಆ ದನಿಯನ್ನು ನಾನು ಅದುವರೆಗೂ ಕೇಳಿರಲಿಲ್ಲ. ಸ್ಪಷ್ಟ, ಮೃದು, ಒಂದಿಷ್ಟು ಗತ್ತು. ಪಾರ್ಸೆಲ್ ತರುವವರು ನನ್ನ ಹೆಸರು ಹೇಳಿದರೆ "ಲೈನಲ್ಲಿರಿ, ಕನೆಕ್ಟ್ ಮಾಡ್ತೀನಿ" ಎಂದು ಹೇಳಿ ನನ್ನನ್ನು ಕೂಗುತ್ತಿದ್ದರು. ಬಸ್ಸಿಗೆ ಹೊರಡುವುದು ತಾನಾಗಿಯೇ ಕಡಿಮೆಯಾಯಿತು. ಡ್ಯೂಟಿ ಮನೆಗೇ ಬಂದಿತ್ತಲ್ಲ! ಅಂಕಲ್ ಕಲ್ಲಿನ ಮೇಲೆ ಕುಳಿತು ಅದನ್ನೇ ನೋಡುತ್ತಿದ್ದರು. ನಿನ್ನ ತಪ್ಪು ಕಿವಿಗೆ ನಾನು ಸನ್ಮಾನ ಮಾಡಬೇಕು ಎಂದು ನನ್ನನ್ನು ಛೇಡಿಸುತ್ತಿದ್ದರು. ಅವರಿಗೆ ಗೊತ್ತೋ ಇಲ್ಲವೋ, ನನಗೂ ಅವರ ರೋಗ ಅಂಟಿತ್ತು. ಈಗಲೂ ಬಸ್ಸಿನ ಕಿಟಕಿಯಿಂದ ನನಗೆ ಕಾಣುವುದು ಬೇಲಿಗಳೇ. ಆ ಹಸಿರು ಗೇಟಿನ ಒಳಗೆ ನಿಂತವರಿಗೆ ಏನು ಕಾಣುತ್ತದೆ ಎಂಬ ಕುತೂಹಲ ಬಿಡುವುದಿಲ್ಲ.

ಹೋದ ಚಳಿಗಾಲದಲ್ಲಿ ಅಂಕಲ್‌ಗೆ ಎದೆನೋವು ಬಂತು. ಆಸ್ಪತ್ರೆಯಲ್ಲಿ ನೋಡಲು ಹೋದಾಗ ಹಾಸಿಗೆಯ ಪಕ್ಕದ ಗೋಡೆಯನ್ನು ಗೆಣ್ಣಿನಿಂದ ಮೆಲ್ಲಗೆ ತಟ್ಟಿದರು. ಒಳಗೆ ಟೊಳ್ಳು, ಆಚೆಯ ಪೇಷಂಟು ಗೊರಕೆ ಹೊಡೆಯುವುದೆಲ್ಲ ಕೇಳುತ್ತದೆ ಎಂದು ನನಗೆ ಗುಟ್ಟು ಹೇಳಿದರು. ಮನೆಗೆ ಬಂದದ್ದು ಅವರ ದೇಹ. ಅವರದು ಬೌದ್ಧ ಮನೆ, ಭಿಕ್ಷುಗಳು ಬಂದು ಬುದ್ಧನ ಪಟದ ಮುಂದೆ ಕುಳಿತು ಪಠಣ ಮಾಡಿದರು. ಜನ ಎರಡೂ ಹಿತ್ತಿಲು ತುಂಬಿ ನಿಂತಿದ್ದರು. ಭಾಯಿಯೂ ಬಂದಿದ್ದ, ಬೇಲಿಯನ್ನು ಹಿಡಿದು ನಿಂತು ಅಳುತ್ತಿದ್ದ. ಆಂಟಿ ಎಲ್ಲರನ್ನೂ ಯಾರು ಬೇಕಾಗಿತ್ತು ಎಂದು ಕೇಳಿದರು.

ಈಗ ಹಗಲು ಆಂಟಿ ನಮ್ಮ ಪಾಲು. ಮಗಳು ಬೆಳಿಗ್ಗೆ ಆಫೀಸಿಗೆ ಹೋಗುವಾಗ ಹಿತ್ತಿಲಿನಿಂದಲೇ ನನಗೆ ಕೈ ಬೀಸಿ ಹೋಗುತ್ತಾಳೆ. ನಾನು ಕಂಪ್ಯೂಟರನ್ನು ಹಿಂಬಾಗಿಲ ಹತ್ತಿರವೇ ಇಟ್ಟುಕೊಂಡಿದ್ದೇನೆ.

ಮೊನ್ನೆ ಗಲ್ಲಿಯಲ್ಲಿ ಯಾರೋ ನಿಂತದ್ದು ಕಂಡಿತು. ಗಂಡ, ಹೆಂಡತಿ, ಹಿಂದಿನ ಬೀದಿಗೆ ಹೊಸದಾಗಿ ಬಂದವರಂತೆ. ಗಂಡ ನಮ್ಮ ಹಲಗೆಯನ್ನು ಬೆರಳಿನಿಂದ ಸವರಿ ನೋಡುತ್ತಿದ್ದ. ಆಂಟಿ ಕಿಂಡಿ ತೆಗೆದು ಯಾರು ಬೇಕಾಗಿತ್ತು ಎಂದರು. ಯಾರೂ ಬೇಡ, ನಾವೂ ಬೇಲಿ ಹಾಕಿಸಬೇಕು, ಇದು ಚೆನ್ನಾಗಿದೆಯಾ ಎಂದು ಕೇಳೋಣ ಅಂತ ನಿಂತೆವು ಎಂದ ಆತ. ನಾನು ಎದ್ದು ಹೊರಗೆ ಬರುವಷ್ಟರಲ್ಲಿ ಆಂಟಿ ಉತ್ತರ ಕೊಟ್ಟಿದ್ದರು.

"ಹೊರಗೆ ನಿಂತ್ರೆ ಏನ್ ಗೊತ್ತಾಗುತ್ತೆ? ಬೇಲಿ ಅನ್ನೋದನ್ನ ಒಳಗಿಂದ ನೋಡ್ಬೇಕು. ಲೈನಲ್ಲಿರಿ, ಕನೆಕ್ಟ್ ಮಾಡ್ತೀನಿ."

ಆಮೇಲೆ ತಿರುಗಿ ತಮ್ಮ ಮನೆಯ ಕಡೆ ಮುಖ ಮಾಡಿ, "ರೀ, ಬೇಲಿ ನೋಡೋಕೆ ಬಂದಿದಾರೆ" ಎಂದು ಕೂಗಿದರು. ಕೂಗಿ ಕಾಯುತ್ತಾ ನಿಂತರು.

ನಾನೇ "ಬಂದೆ" ಎಂದು ಹೇಳಿ, ಹೋಗಿ ಗೇಟಿನ ಮೇಲಿನ ಚಿಲಕ ತೆಗೆದೆ.